ಕೊಡಗಿನಿಂದ ಕ್ರಿಸ್‌ಮಸ್ ರಜೆಗೆ ವಂಡರ್‌ಲಾ: ಪದೇ ಪದೇ ಕೇಳುವ ಪ್ರಶ್ನೆಗಳು

ಹೋದ ಡಿಸೆಂಬರಿನಲ್ಲಿ ನಾವು ಮನೆಯವರೆಲ್ಲ ಬೆಂಗಳೂರಿನ ಹತ್ತಿರ ಬಿಡದಿಯಲ್ಲಿರುವ ಆಟದ ಪಾರ್ಕು ವಂಡರ್‌ಲಾಕ್ಕೆ ಹೋಗಿ ಬಂದೆವು. ಅದು ಎರಡನೇ ಸಲ. ಮೊದಲ ಸಲದ ತಪ್ಪುಗಳು ನೆನಪಿದ್ದವು, ಹಾಗಾಗಿ ಈ ಸಲ ಚೆನ್ನಾಗಾಯಿತು. ಅವತ್ತಿನಿಂದ ಸುಂಟಿಕೊಪ್ಪ ಸಂತೆಯಲ್ಲಿ, ಮದುವೆ ಊಟದ ಸಾಲಿನಲ್ಲಿ, ಶಾಲೆ ಗೇಟಿನ ಹತ್ತಿರ ಜನ ಅವೇ ಪ್ರಶ್ನೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಯಿತು. ಇಲ್ಲಿ ಬರೆದಿಟ್ಟಿದ್ದೇನೆ. ಬೆಂಗಳೂರಿನವರಿಗೆ ಇದರಲ್ಲಿ ಅರ್ಧ ಬೇಕಾಗಲ್ಲ, ಅವರಿಗೆ ಅದು ಮನೆ ಪಕ್ಕದ ಜಾಗ. ಬೆಟ್ಟ ಇಳಿದು ಹೋಗಬೇಕಾದ ನಮ್ಮ ಲೆಕ್ಕ ಬೇರೆ.

ಬೆಳಿಗ್ಗೆ ಬೇಗ ಹೊರಟು ರಾತ್ರಿ ವಾಪಸ್ ಬರಬಹುದಾ?

ಬೇಡ. ಇದೊಂದು ಮಾತು ಕೇಳಿ, ಉಳಿದದ್ದು ಓದದಿದ್ದರೂ ನಡೆಯುತ್ತದೆ.

ಮಡಿಕೇರಿಯಿಂದ ಬಿಡದಿಗೆ ಹತ್ತಿರ ಹತ್ತಿರ 230 ಕಿಲೋಮೀಟರ್. ಮಕ್ಕಳ ವಾಂತಿ, ತಿಂಡಿ, ಬಾತ್‌ರೂಮ್ ಎಲ್ಲ ಸೇರಿದರೆ ಐದು ಗಂಟೆ. ಹೋಗಿ ಬರಲು ಹತ್ತು ಗಂಟೆ. ಮಧ್ಯೆ ಪಾರ್ಕಿನಲ್ಲಿ ಏಳು ಗಂಟೆ ಬಿಸಿಲು, ನೀರು, ಕ್ಯೂ. ಗಾಡಿ ಓಡಿಸುವವರು ಮನುಷ್ಯರಲ್ವಾ?

ಮೊದಲ ಸಲ ನಾವು ಇದನ್ನೇ ಮಾಡಿದೆವು. ಬೆಳಗಿನ ಜಾವ ಮೂರೂವರೆಗೆ ಮಕ್ಕಳನ್ನು ನಿದ್ದೆಗಣ್ಣಿನಲ್ಲೇ ಎತ್ತಿಕೊಂಡು ಕಾರಿಗೆ ಹಾಕಿದೆವು. ಕುಶಾಲನಗರ ತಲುಪುವ ಮೊದಲೇ ಚಿಕ್ಕವನು ಎರಡು ಸಲ ವಾಂತಿ ಮಾಡಿದ. ಪಾರ್ಕಿನ ಗೇಟು ತೆರೆಯುವಾಗ ನಾವೇ ಮೊದಲ ಸಾಲಿನಲ್ಲಿದ್ದೆವು, ಬಹಳ ಹೆಮ್ಮೆ. ಮಧ್ಯಾಹ್ನ ಊಟ ಆದ ಮೇಲೆ ದೊಡ್ಡವಳು ಕಲ್ಲು ಬೆಂಚಿನ ಮೇಲೆ ಮಲಗಿದವಳು ಎದ್ದದ್ದು ಐದು ಗಂಟೆಗೆ. ಅವಳು ನೋಡಿದ ವಂಡರ್‌ಲಾ ಅಂದರೆ ಆ ಬೆಂಚು. ವಾಪಸ್ ಬರುವಾಗ ಹುಣಸೂರು ದಾಟಿದ ಮೇಲೆ ನಮ್ಮವರಿಗೆ ಕಣ್ಣು ಎಳೆಯಲು ಶುರುವಾಯಿತು. ರಸ್ತೆ ಪಕ್ಕ ನಿಲ್ಲಿಸಿ, ಗಾಜು ಒಂದಿಂಚು ಇಳಿಸಿ ಒಂದು ಗಂಟೆ ಮಲಗಿದೆವು. ಮನೆ ಮುಟ್ಟಿದಾಗ ರಾತ್ರಿ ಎರಡು.

ಈ ಸಲ ಹಿಂದಿನ ದಿನವೇ ಇಳಿದು, ರಾತ್ರಿ ಹತ್ತಿರದಲ್ಲೇ ಉಳಿದು, ಮರುದಿನ ಪೂರ್ತಿ ಆಡಿ, ಆ ರಾತ್ರಿ ಮೈಸೂರಿನಲ್ಲಿ ಮಲಗಿ ಬಂದೆವು. ಎರಡು ರಾತ್ರಿ ಖರ್ಚು ಜಾಸ್ತಿ, ನಿಜ. ಎರಡು ಆಗದಿದ್ದರೆ ಒಂದು ರಾತ್ರಿಯಾದರೂ ಉಳಿಯಿರಿ. ಒಂದೇ ಅಂದರೆ ಆಡಿದ ಮೇಲಿನ ರಾತ್ರಿ ಉಳಿಯುವುದು ಒಳ್ಳೆಯದು. ದಣಿದ ಮೇಲೆ ಘಾಟಿ ಹತ್ತುವುದಕ್ಕಿಂತ ಬೆಳಿಗ್ಗೆ ಬೇಗ ಏಳುವುದು ವಾಸಿ.

ಡಿಸೆಂಬರಿನಲ್ಲಿ ಯಾವ ದಿನ ಹೋಗುವುದು?

24ರಿಂದ ಜನವರಿ 1ರವರೆಗೆ ಅಲ್ಲಿ ಜಾತ್ರೆ. ಅದು ಎಲ್ಲರಿಗೂ ಗೊತ್ತು. ಜಾಸ್ತಿ ಜನ ಯೋಚಿಸದೆ ಇರುವುದು ಶಾಲಾ ಪ್ರವಾಸಗಳನ್ನು. ಡಿಸೆಂಬರ್, ಜನವರಿ ಅಂದರೆ ಕರ್ನಾಟಕದ ಶಾಲೆಗಳೆಲ್ಲ ಬಸ್ ಹತ್ತುವ ಕಾಲ. "ವಾರದ ಮಧ್ಯೆ ಖಾಲಿ ಇರುತ್ತದೆ" ಅಂತ ನಂಬಿ ಬುಧವಾರ ಹೋದರೆ ಗೇಟಿನ ಮುಂದೆ ಬಸ್ಸುಗಳ ಸಾಲು ಕಾಣುತ್ತದೆ. ಆದರೆ ಅವರಿಗೆ ದೂರದ ಊರಿಗೆ ವಾಪಸ್ ಹೋಗಬೇಕು. ನಾವು ಹೋದ ದಿನ ನಾಲ್ಕು ಗಂಟೆ ಹೊತ್ತಿಗೆ ಮೇಷ್ಟ್ರುಗಳು ಪೀಪಿ ಊದಿ ತಲೆ ಎಣಿಸಲು ಶುರು ಮಾಡಿದರು. ಅದಾದ ಮೇಲೆ ದೊಡ್ಡ ಆಟಗಳ ಕ್ಯೂ ಅರ್ಧಕ್ಕೆ ಇಳಿಯಿತು. ಅದಕ್ಕೇ ಹೇಳುವುದು, ಸಂಜೆಗೆ ಶಕ್ತಿ ಉಳಿಸಿಕೊಳ್ಳಿ.

ನಮಗೆ ಒಂದು ಅನುಕೂಲವೂ ಇದೆ. ರಜೆ ಶುರುವಾದ ಕೂಡಲೇ ಬೆಂಗಳೂರೆಲ್ಲ ಕೊಡಗಿಗೆ ಹತ್ತುತ್ತದೆ. ನಾವು ಇಳಿಯುತ್ತೇವೆ. ಶನಿವಾರ ಬೆಳಿಗ್ಗೆ ಎದುರುಗಡೆಯ ಸಾಲು ಆನೆಕಾಡಿನವರೆಗೆ ನಿಂತಿದ್ದರೂ ನಮ್ಮ ಕಡೆಯ ರಸ್ತೆ ಓಡುತ್ತಿರುತ್ತದೆ. ಭಾನುವಾರ ಸಂಜೆ ಅವರು ಇಳಿಯುವಾಗ ನಾವು ಹತ್ತಿದರೆ ಮತ್ತೆ ಅದೇ ಲಾಭ. ವರ್ಷವಿಡೀ ಪ್ರವಾಸಿಗರು ಮುತ್ತುವ ಮಡಿಕೇರಿಯ ರಾಜಾಸೀಟ್ ಹತ್ತಿರ ಪಾರ್ಕಿಂಗ್ ಸಿಗದೆ ಬೈದುಕೊಳ್ಳುವ ನಮಗೆ ಇಷ್ಟಾದರೂ ಬೇಡವಾ?

ಇನ್ನೊಂದು ವಿಷಯ. ಕ್ರಿಸ್‌ಮಸ್ ರಜೆ ಎಲ್ಲ ಶಾಲೆಗೂ ಇಲ್ಲ. ಕ್ರೈಸ್ತ ಸಂಸ್ಥೆಗಳ ಶಾಲೆಗಳು ದಸರಾ ರಜೆ ಕಡಿಮೆ ಮಾಡಿ ಇಲ್ಲಿ ಕೊಡುತ್ತವೆ. ಸರ್ಕಾರಿ ಶಾಲೆ ಮಕ್ಕಳಿಗೆ 25 ಒಂದೇ ದಿನ. ಅಣ್ಣನ ಮಕ್ಕಳು, ತಂಗಿಯ ಮಕ್ಕಳು ಎಲ್ಲ ಸೇರಿ ಹೋಗುವುದಾದರೆ ಮೊದಲು ಇದನ್ನು ಕೇಳಿಕೊಳ್ಳಿ. ನಾವು ಟಿಕೆಟ್ ಮಾಡಿದ ಮೇಲೆ ಕೇಳಿದೆವು.

ಕಾಫಿ ಕೊಯ್ಲು ಬಿಟ್ಟು ಹೇಗೆ ಹೋಗುವುದು?

ಎಲ್ಲಕ್ಕಿಂತ ಜಾಸ್ತಿ ಕೇಳುವ ಪ್ರಶ್ನೆ ಇದೇ. ಕೇಳುವವರು ಗಂಡಸರು, ಕೇಳುವ ಉದ್ದೇಶ ಹೋಗದೆ ಇರುವುದು.

ಅರೇಬಿಕಾ ಇದ್ದವರಿಗೆ ಕಷ್ಟ ನಿಜ. ಹಣ್ಣು ಕೆಂಪಾದ ಮೇಲೆ ಕಾಯುವುದಿಲ್ಲ, ಆಳು ಸಿಕ್ಕ ದಿನ ಕೊಯ್ಯಲೇಬೇಕು. ಸೋಮವಾರಪೇಟೆ, ಮಾದಾಪುರ ಕಡೆಯವರು ಜನವರಿ ನಡುವಿನವರೆಗೆ ತಡೆಯಿರಿ. ರೊಬಸ್ಟಾದವರಿಗೆ ಲೆಕ್ಕ ಉಲ್ಟಾ. ನಿಮ್ಮ ಕೊಯ್ಲು ಬಿಸಿಯಾಗುವುದು ಜನವರಿಯಲ್ಲಿ. ನಮ್ಮ ಸುಗ್ಗಿ ಹಬ್ಬ ಹುತ್ತರಿ ಮುಗಿದು ಕೊಯ್ಲು ಶುರುವಾಗುವ ಮಧ್ಯೆ ಒಂದು ಸಂದು ಇರುತ್ತದೆ. ವಿರಾಜಪೇಟೆ, ಪೊನ್ನಂಪೇಟೆಯವರು ಆ ಸಂದಿನಲ್ಲಿ ಹೊರಟುಬಿಡಿ.

ನಮ್ಮದು ಎರಡೂ ಇರುವ ಚಿಕ್ಕ ತೋಟ. ಕಣದಲ್ಲಿ ಚೆರಿ, ಅಂದರೆ ಕೊಯ್ದ ಕಾಫಿ ಹಣ್ಣು, ಒಣಗಲು ಹರಡಿತ್ತು. ಪಕ್ಕದ ತೋಟದವರಿಗೆ ಹೇಳಿ ಹೋದೆವು. ಹಗಲು ಎರಡು ಸಲ ಕೈಯಾಡಿಸುವುದು, ಸಂಜೆ ರಾಶಿ ಮಾಡಿ ಟಾರ್ಪಾಲು ಮುಚ್ಚುವುದು. ಅವರು ಫೆಬ್ರವರಿಯಲ್ಲಿ ಮದುವೆಗೆ ಹೋದಾಗ ನಾವು ಅವರ ಕಣ ನೋಡಿಕೊಂಡೆವು. ಹವಾಮಾನ ಮಾತ್ರ ನೋಡಿಕೊಳ್ಳಿ. ಬಂಗಾಳ ಕೊಲ್ಲಿಯಲ್ಲಿ ವಾಯುಭಾರ ಕುಸಿತ ಅಂತ ಸುದ್ದಿ ಬಂದರೆ ಟಿಕೆಟ್ ಹೋದರೆ ಹೋಗಲಿ, ಮನೆಯಲ್ಲಿರಿ.

ಮೈಸೂರಿನಲ್ಲೇ ಜಿಆರ್‌ಎಸ್ ಆಟದ ಪಾರ್ಕ್ ಇದೆ. ಅಷ್ಟು ದೂರ ಯಾಕೆ?

ಮಕ್ಕಳು ಏಳೆಂಟು ವರ್ಷದೊಳಗಿದ್ದರೆ ನಿಜವಾಗಿಯೂ ಜಿಆರ್‌ಎಸ್ ಸಾಕು. ಹತ್ತಿರ, ಚಿಕ್ಕದು, ನಡೆದು ಸುಸ್ತಾಗಲ್ಲ. ವಂಡರ್‌ಲಾ 80 ಎಕರೆಗೂ ಜಾಸ್ತಿ, 60ಕ್ಕೂ ಹೆಚ್ಚು ಆಟಗಳು. ಅದರ ದೊಡ್ಡ ಆಟಗಳಿಗೆ ಎತ್ತರ ಸಾಲದ ಮಗುವನ್ನು ಕರೆದುಕೊಂಡು ಹೋದರೆ ದಿನವಿಡೀ "ನಂಗ್ಯಾಕಿಲ್ಲ" ಅಂತ ಅಳು. ಹೈಸ್ಕೂಲು ಮಕ್ಕಳಿದ್ದರೆ ಬಿಡದಿಗೇ ಹೋಗಿ.

ಅಂದ ಹಾಗೆ, 2005ರಲ್ಲಿ ಬಿಡದಿಯಲ್ಲಿ ಇದನ್ನು ತೆರೆದವರು ವಿ-ಗಾರ್ಡ್ ಸ್ಟೆಬಿಲೈಸರ್‌ನವರು, ಕೇರಳದ ಕೊಚೌಸೆಫ್ ಚಿಟ್ಟಿಲಪ್ಪಿಳ್ಳಿ. ಕೊಚ್ಚಿಯಲ್ಲಿ 2000ದಲ್ಲಿ ಮೊದಲ ಪಾರ್ಕ್ ಮಾಡಿದಾಗ ಅದರ ಹೆಸರು ವೀಗಾಲ್ಯಾಂಡ್. ನಮ್ಮ ಮನೆಯ ಟಿವಿ ಪಕ್ಕದಲ್ಲಿ ಕೂತಿರುವ ಡಬ್ಬಿಯೂ ರೋಲರ್ ಕೋಸ್ಟರ್ ಕೂಡ ಒಂದೇ ಮನೆಯವು ಅಂತ ಹೇಳಿದರೆ ನನ್ನ ಮಗ ನಂಬಲಿಲ್ಲ.

ರಸ್ತೆ ಹೇಗಿದೆ? ಎಲ್ಲಿ ಜೋಪಾನ?

ಮಡಿಕೇರಿಯಿಂದ ಕುಶಾಲನಗರ 30 ಕಿಲೋಮೀಟರ್ ತಿರುವು. ವಾಂತಿ ಆಗುವವರಿಗೆ ಕಷ್ಟ ಇಲ್ಲಿ ಮಾತ್ರ. ಖಾಲಿ ಹೊಟ್ಟೆಯಲ್ಲೂ ಬೇಡ, ಹೊಟ್ಟೆ ತುಂಬ ಹಾಲು ಕುಡಿಸಿಯೂ ಬೇಡ. ಒಂದು ಇಡ್ಲಿ ಸಾಕು. ನಮ್ಮ ಮನೆಯಲ್ಲಿ ಕಿತ್ತಳೆ ಸಿಪ್ಪೆ ಹಿಂಡಿ ಮೂಸಿಸುತ್ತೇವೆ. ಅದರಿಂದ ಏನಾಗುತ್ತದೋ, ಮಕ್ಕಳು ಸಿಪ್ಪೆಯಲ್ಲಿ ಆಟವಾಡುತ್ತಾ ಕುಶಾಲನಗರ ತಲುಪುತ್ತಾರೆ.

ಆಮೇಲೆ ಬೈಲುಕುಪ್ಪೆ, ಪಿರಿಯಾಪಟ್ಟಣ ಕಡೆ, ಹುಣಸೂರು. ಚಳಿಗಾಲದ ಬೆಳಿಗ್ಗೆ ಆರರಿಂದ ಎಂಟರವರೆಗೆ ಈ ಬಯಲಿನಲ್ಲಿ ಮಂಜು ದಟ್ಟ. ಘಾಟಿಯ ಮಂಜು ನಮಗೆ ಅಭ್ಯಾಸ, ಬಯಲಿನ ಮಂಜಿನಲ್ಲಿ ಎದುರಿನವರು ವೇಗವಾಗಿ ಬರುತ್ತಾರೆ. ಗೋಣಿಕೊಪ್ಪ ಕಡೆಯಿಂದ ತಿತಿಮತಿ, ಆನೆಚೌಕೂರು ಮೇಲೆ ಬರುವವರು ಕತ್ತಲಲ್ಲಿ ಹೊರಡಬೇಡಿ. ಆನೆ ದಾಟುವ ಜಾಗ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ.

ಮೈಸೂರು ಊರೊಳಗೆ ಹೋಗಬೇಡಿ. ಹಿನಕಲ್ ಹತ್ತಿರ ರಿಂಗ್ ರಸ್ತೆ ಹಿಡಿದರೆ ಸೀದಾ ಬೆಂಗಳೂರು ರಸ್ತೆಗೆ ಸೇರುತ್ತೀರಿ. ಅಲ್ಲಿಂದ 2023ರ ಮಾರ್ಚಿನಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ. ಫಾಸ್ಟ್ಯಾಗ್‌ನಲ್ಲಿ ದುಡ್ಡು ಇದೆಯಾ ಅಂತ ಮನೆಯಲ್ಲೇ ನೋಡಿಕೊಳ್ಳಿ. ಗಂಟೆಗೆ 100 ದಾಟಿದರೆ ಕ್ಯಾಮೆರಾ ಹಿಡಿಯುತ್ತದೆ, ದಂಡದ ಮೆಸೇಜು ನಿಮಗಿಂತ ಮೊದಲು ಮನೆ ತಲುಪುತ್ತದೆ. ಮಂಡ್ಯ, ಮದ್ದೂರು, ಚನ್ನಪಟ್ಟಣ, ರಾಮನಗರ ಎಲ್ಲ ಈಗ ಬೈಪಾಸ್. ಮದ್ದೂರು ವಡೆ ಬೇಕೆಂದರೆ ಬೇಕಂತಲೇ ಇಳಿಯಬೇಕು. ಬಿಡದಿ ಅಂತ ಬೋರ್ಡ್ ಕಂಡ ಕೂಡಲೇ ಎಡಕ್ಕೆ ಸರ್ವಿಸ್ ರಸ್ತೆಗೆ ಬನ್ನಿ. ತಪ್ಪಿದರೆ ತಿರುಗಲು ಜಾಗ ಇಲ್ಲ, ಬಹಳ ಮುಂದೆ ಹೋಗಿ ಬರಬೇಕು.

ಬೈಕಿನಲ್ಲಿ ಹೋಗಬಹುದಾ?

2023ರ ಆಗಸ್ಟ್ 1ರಿಂದ ಎಕ್ಸ್‌ಪ್ರೆಸ್‌ವೇ ಮೇಲೆ ಬೈಕ್, ಆಟೊ, ಟ್ರ್ಯಾಕ್ಟರ್ ಬಿಡುವುದಿಲ್ಲ. ಸರ್ವಿಸ್ ರಸ್ತೆಯಲ್ಲಿ ಊರೂರು ಸುತ್ತಿ ಹೋಗಬೇಕು. ಕಾಲೇಜು ಹುಡುಗರಿಗೆ ಓಕೆ.

ಕಾರಿಲ್ಲ. ಬಸ್ಸು, ರೈಲು?

ಕೊಡಗಿಗೆ ರೈಲಿಲ್ಲ ಅನ್ನುವ ಹಳೆಯ ಗೋಳು ಇಲ್ಲೂ ಇದೆ. ಮೈಸೂರಿನವರೆಗೆ ಕೆಎಸ್‌ಆರ್‌ಟಿಸಿ ಬಸ್ಸು. ಅಲ್ಲಿಂದ ಬಿಡದಿಯಲ್ಲಿ ನಿಲ್ಲುವ ನಿಧಾನದ ರೈಲು ಹಿಡಿದರೆ ಸಾಕಷ್ಟು ಅಗ್ಗ. ಸ್ಟೇಷನ್ನಿನಿಂದ ಆಟೊ. ಮಡಿಕೇರಿಯಿಂದ ಬೆಂಗಳೂರಿಗೆ ನೇರ ಹೋಗುವ ಬಸ್ಸು ಹತ್ತುವುದಾದರೆ ಬಿಡದಿಯಲ್ಲಿ ಇಳಿಸುತ್ತೀರಾ ಅಂತ ಕಂಡಕ್ಟರಿಗೆ ಮೊದಲೇ ಕೇಳಿ. ಎಷ್ಟೋ ಬಸ್ಸು ಎಕ್ಸ್‌ಪ್ರೆಸ್‌ವೇಯಲ್ಲೇ ಹೋಗಿಬಿಡುತ್ತವೆ. ಬೆಂಗಳೂರಿನಲ್ಲಿ ನೆಂಟರ ಮನೆಯಲ್ಲಿ ಉಳಿದವರು ನೇರಳೆ ಮೆಟ್ರೊದಲ್ಲಿ ಕೊನೆಯ ಚಲ್ಲಘಟ್ಟದವರೆಗೆ ಬಂದು ಅಲ್ಲಿಂದ ಬಸ್ಸೋ ಆಟೊವೋ ನೋಡಬಹುದು.

ಎಂಟು ಹತ್ತು ಜನ ಇದ್ದರೆ ಟೆಂಪೊ ಟ್ರಾವೆಲರ್ ಮಾಡಿ, ಡ್ರೈವರ್ ಸಮೇತ. ತಲೆಗೆ ಲೆಕ್ಕ ಹಾಕಿದರೆ ಬಸ್ಸಿಗಿಂತ ಬಹಳ ಜಾಸ್ತಿಯಾಗಲ್ಲ.

ಅಲ್ಲೇ ಇರುವ ರೆಸಾರ್ಟಿನಲ್ಲಿ ಉಳಿಯಬೇಕಾ?

ಪಾರ್ಕಿಗೆ ಅಂಟಿಕೊಂಡೇ ಅವರದೇ ರೆಸಾರ್ಟ್ ಇದೆ, 2012ರಲ್ಲಿ ಶುರುವಾದದ್ದು, 84 ರೂಮು. ಕ್ರಿಸ್‌ಮಸ್ ವಾರಕ್ಕೆ ಅಷ್ಟು ರೂಮು ಏನೂ ಅಲ್ಲ, ಹುತ್ತರಿಗೆ ಮೊದಲೇ ಬುಕ್ ಮಾಡಿ. ದುಬಾರಿ. ಆದರೆ ಅಜ್ಜಿಯೋ ಕೈಗೂಸೋ ಜೊತೆಗಿದ್ದರೆ ನಾನು ಅದನ್ನೇ ಹೇಳುತ್ತೇನೆ. ಮಧ್ಯಾಹ್ನ ಬಂದು ಒಂದು ಗಂಟೆ ಕಾಲು ಚಾಚಲು ಜಾಗ ಸಿಗುತ್ತದೆ. ಬರೀ ದೊಡ್ಡವರಾದರೆ ಬಿಡದಿ, ರಾಮನಗರದ ಲಾಡ್ಜ್ ಸಾಕು.

ಒಂದು ಎಚ್ಚರ. ಮೊದಲ ಸಲವೇ ನಾನು ಬೇರೆ ಒಂದು ಕಡೆ "ಪಾರ್ಕಿಗೆ ಹತ್ತಿರ" ಅಂತ ಫೋಟೊ ನೋಡಿ ಫೋನಿನಲ್ಲೇ ವಿಚಾರಿಸಿ ಮುಂಗಡ ಕೊಟ್ಟಿದ್ದೆ. ಆಮೇಲೆ ನಕ್ಷೆ ನೋಡಿದರೆ 25 ಕಿಲೋಮೀಟರ್ ದೂರ. ಮುಂಗಡ ವಾಪಸ್ ಬರಲಿಲ್ಲ. ಆ ಸಿಟ್ಟಿಗೇ ಒಂದೇ ದಿನದಲ್ಲಿ ಹೋಗಿ ಬರುವ ದುರ್ಬುದ್ಧಿ ಬಂದದ್ದು. ದೂರ ಎಷ್ಟು ಅಂತ ನೀವೇ ನಕ್ಷೆಯಲ್ಲಿ ಅಳೆಯಿರಿ.

ಟಿಕೆಟ್ ಎಷ್ಟು? ಮಕ್ಕಳಿಗೆ ಅರ್ಧವಾ?

ದರ ದಿನಕ್ಕೊಂದು ತರ. ರಜೆಯ ದಿನಗಳಲ್ಲಿ ಜಾಸ್ತಿ, ಮಾಮೂಲಿ ದಿನ ಕಡಿಮೆ. ಹೋಗುವ ದಿನಾಂಕ ಹಾಕಿ ಅವರ ವೆಬ್‌ಸೈಟಿನಲ್ಲಿ ನೋಡಿದರೆ ಸರಿಯಾದ ಲೆಕ್ಕ ಸಿಗುತ್ತದೆ. ಮೊದಲೇ ಆನ್‌ಲೈನಿನಲ್ಲಿ ಮಾಡಿದರೆ ಕೌಂಟರಿನ ಕ್ಯೂ ತಪ್ಪುತ್ತದೆ.

ಮಕ್ಕಳ ಟಿಕೆಟ್ಟಿಗೆ ವಯಸ್ಸು ಕೇಳುವುದಿಲ್ಲ, ಎತ್ತರ ಅಳೆಯುತ್ತಾರೆ. 85 ಸೆಂಟಿಮೀಟರಿಗಿಂತ ಕೆಳಗೆ ಉಚಿತ. ಅಲ್ಲಿಂದ 140ರವರೆಗೆ ಮಕ್ಕಳ ಟಿಕೆಟ್. ಅದರ ಮೇಲೆ ದೊಡ್ಡವರ ದರ. ನಮ್ಮ ಕಡೆಯ ಮಕ್ಕಳು ಆರನೇ ಕ್ಲಾಸಿಗೇ ಉದ್ದ ಆಗಿರುತ್ತಾರೆ. ಮನೆಯ ಗೋಡೆಗೆ ನಿಲ್ಲಿಸಿ ಗೆರೆ ಹಾಕಿ ನೋಡಿಕೊಳ್ಳಿ. ಕಾಲೇಜು ಮಕ್ಕಳು ಐಡಿ ಕಾರ್ಡ್ ತರಲಿ, ರಿಯಾಯಿತಿ ಇರುತ್ತದೆ.

ಫಾಸ್ಟ್‌ಟ್ರ್ಯಾಕ್ ಅಂತ ದುಬಾರಿ ಟಿಕೆಟ್ ಇದೆ, ಬೇರೆ ಸಾಲಿನಲ್ಲಿ ಬೇಗ ಬಿಡುತ್ತಾರೆ. ಮಾಮೂಲಿ ದಿನಕ್ಕೆ ದಂಡ. 25ರಿಂದ 31ರ ಒಳಗೆ ಹೋಗುವವರು, ಅದೂ ಮತ್ತೆ ನಾಲ್ಕು ವರ್ಷ ಈ ಕಡೆ ತಲೆ ಹಾಕದವರು, ಯೋಚಿಸಬಹುದು.

ಯಾವ ಬಟ್ಟೆ?

ನೀರಿನ ಆಟಕ್ಕೆ ನೈಲಾನ್ ಅಥವಾ ಲೈಕ್ರಾ ಬಟ್ಟೆ ಕಡ್ಡಾಯ. ಕಾಟನ್, ಜೀನ್ಸ್, ಸೀರೆ, ದುಪಟ್ಟಾ ಯಾವುದೂ ಒಳಗೆ ಬಿಡಲ್ಲ. ಇದು ಸುಮ್ನೆ ಕಿರಿಕಿರಿಯಲ್ಲ. ಹತ್ತಿಯ ನೂಲು ಬಿಚ್ಚಿ ನೀರು ಸೋಸುವ ಯಂತ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಸಡಿಲ ಬಟ್ಟೆ ಜಾರುಬಂಡಿಯಲ್ಲಿ ಸಿಕ್ಕಿದರೆ ಅಪಾಯ. ಅಲ್ಲೂ ಮಾರುತ್ತಾರೆ, ಆದರೆ ಕುಶಾಲನಗರದಲ್ಲೋ ಮೈಸೂರಿನಲ್ಲೋ ಮೊದಲೇ ಕೊಂಡರೆ ಅಳತೆ ನೋಡಿ ಕೊಳ್ಳಬಹುದು. ಹೆಂಗಸರಿಗೆ ಮಂಡಿವರೆಗಿನ ಪ್ಯಾಂಟು, ತೋಳಿರುವ ಮೇಲಂಗಿ ಸಿಗುತ್ತದೆ, ಸಂಕೋಚ ಬೇಡ. ಅಲ್ಲಿ ಯಾರನ್ನೂ ಯಾರೂ ನೋಡುವುದಿಲ್ಲ, ಎಲ್ಲರೂ ಕಿರುಚುವುದರಲ್ಲಿ ಇರುತ್ತಾರೆ.

ಚಿನ್ನ ಮನೆಯಲ್ಲಿ ಬಿಟ್ಟು ಬನ್ನಿ. ಮೊಬೈಲು, ಪರ್ಸಿಗೆ ಬಾಡಿಗೆ ಲಾಕರ್ ಇದೆ.

ಮೊದಲು ಏನು ಆಡಬೇಕು?

ನೀರಿನ ಆಟಗಳು ಗೇಟು ತೆರೆದ ಕೂಡಲೇ ಶುರುವಾಗಲ್ಲ. ಮಧ್ಯಾಹ್ನದ ಹೊತ್ತಿಗೆ ಶುರುವಾಗಿ ಸಂಜೆ ಮುಚ್ಚುತ್ತವೆ. ಹಾಗಾಗಿ ಬೆಳಿಗ್ಗೆ ಒಣ ಆಟ, ಬಿಸಿಲೇರಿದ ಮೇಲೆ ನೀರು, ಕೊನೆಗೆ ಬಟ್ಟೆ ಬದಲಿಸಿ ಉಳಿದ ಒಣ ಆಟ.

ಗೇಟು ತೆರೆದ ಕೂಡಲೇ ಎಲ್ಲರೂ ಎದುರಿಗೆ ಕಂಡದ್ದಕ್ಕೆ ಓಡುತ್ತಾರೆ. ನೀವು ರಿಕಾಯ್ಲ್‌ಗೆ ಹೋಗಿ. ಅದು ತಲೆಕೆಳಗು ಮಾಡುವ ರೋಲರ್ ಕೋಸ್ಟರ್. ಮುಂದಕ್ಕೆ ಸುತ್ತಿದ ದಾರಿಯಲ್ಲೇ ಹಿಂದಕ್ಕೂ ಎಳೆದುಕೊಂಡು ಬರುತ್ತದೆ. ಹಿಂದಕ್ಕೆ ಬರುವುದೇ ಕಷ್ಟ, ಮುಂದಿನ ತಿರುವು ಕಾಣುವುದಿಲ್ಲ. ಘಾಟಿಯಲ್ಲಿ ಹುಟ್ಟಿದವರಿಗೆ ಏನೂ ಆಗಲ್ಲ ಅಂತ ಜಂಬ ಕೊಚ್ಚಿದ ನಮ್ಮ ಭಾವ ಇಳಿದ ಮೇಲೆ ಕಂಬಿ ಹಿಡಿದು ಹತ್ತು ನಿಮಿಷ ಮಾತಾಡಲಿಲ್ಲ. ನಾನು ಕೆಳಗೆ ಚಪ್ಪಲಿ ಕಾಯುತ್ತಿದ್ದೆ, ಅದಕ್ಕೂ ಒಬ್ಬರು ಬೇಕಲ್ಲ.

ಬಿಪಿ, ಹೃದಯದ ತೊಂದರೆ, ಬೆನ್ನು ಕತ್ತು ನೋವು, ಮೂರ್ಛೆ ಇದ್ದವರು, ಗರ್ಭಿಣಿಯರು ದೊಡ್ಡ ಆಟ ಹತ್ತಬಾರದು. ಪ್ರತಿ ಆಟದ ಮುಂದೆ ಬೋರ್ಡ್ ಇದೆ. "ಏನಾಗಲ್ಲ ಬಿಡಿ" ಅನ್ನುವ ಮಾತು ಅಲ್ಲಿ ಬೇಡ.

ಡಿಸೆಂಬರಿನಲ್ಲಿ ನೀರು ಚಳಿಯಾಗಲ್ವಾ?

ಮೊದಲ ಮುಳುಗಿಗೆ ಜುಂ ಅನ್ನುತ್ತದೆ. ಆದರೆ ಮಧ್ಯಾಹ್ನದ ಬಿಡದಿಯ ಬಿಸಿಲು ಮಡಿಕೇರಿಯ ಏಪ್ರಿಲ್ ಬಿಸಿಲಿನ ಹಾಗೆ. ನಾಲ್ಕು ಗಂಟೆಗೆ ನೀರಿನಿಂದ ಎದ್ದುಬಿಡಿ, ಆಮೇಲೆ ಗಾಳಿ ಬೀಸಿದರೆ ಹಲ್ಲು ಕಡಿಯುತ್ತದೆ. ಟವೆಲು ತಲೆಗೊಂದು ಮೈಗೊಂದು. ಅಲೆಗಳ ಕೊಳದಲ್ಲಿ ಅಲೆ ಯಾವಾಗಲೂ ಇರಲ್ಲ, ಹೊತ್ತು ಹೊತ್ತಿಗೆ ಬಿಡುತ್ತಾರೆ. ಚಿಕ್ಕ ಮಕ್ಕಳ ಕೈ ಬಿಡಬೇಡಿ.

ಬೆಚ್ಚಗಿರಬೇಕೆಂದರೆ ರೇನ್ ಡಿಸ್ಕೊ. ಮುಚ್ಚಿದ ಕೋಣೆ, ಹಾಡು, ಬಣ್ಣದ ದೀಪ, ಮೇಲಿನಿಂದ ಬಿಸಿ ನೀರಿನ ಮಳೆ. ನಮ್ಮ ಅತ್ತೆ ಬಾಗಿಲಲ್ಲಿ ನಿಂತು ಇಣುಕಿ ನೋಡಿದರು. "ದುಡ್ಡು ಕೊಟ್ಟು ಮಳೆಯಲ್ಲಿ ನೆನೆಯುತ್ತಾರಾ?" ಅಂದರು. "ಜೂನಿನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಅಂಗಳಕ್ಕೆ ಬರಲು ಹೇಳಿ, ಊಟವನ್ನೂ ಹಾಕುತ್ತೇನೆ."

ವಯಸ್ಸಾದವರಿಗೆ ಅಲ್ಲಿ ಏನಿದೆ?

ಮೆಲ್ಲಗೆ ಹರಿಯುವ ನೀರಿನಲ್ಲಿ ಟ್ಯೂಬ್ ಮೇಲೆ ಕೂತು ತೇಲುವ ಲೇಜಿ ರಿವರ್ ಇದೆ, ಎತ್ತರಕ್ಕೆ ಹೋಗಿ ನಿಧಾನ ತಿರುಗುವ ಸ್ಕೈ ವ್ಹೀಲ್ ಇದೆ. ಕೂರಲು ನೆರಳು ಇದೆ. ಆದರೆ ನಡೆಯುವುದು ಜಾಸ್ತಿ, ಮೊದಲೇ ಹೇಳಿ ಕರೆದುಕೊಂಡು ಹೋಗಿ. ಅತ್ತೆ ಇಡೀ ದಿನ ಬ್ಯಾಗು ಕಾಯುತ್ತಾರೆ ಅಂತ ಅಂದುಕೊಂಡು ಹೋಗಬೇಡಿ. ನಾವು ಅರ್ಧ ಗಂಟೆಗೊಬ್ಬರಂತೆ ಅವರ ಜೊತೆ ಕೂತೆವು. ಸ್ಕೈ ವ್ಹೀಲ್ ಮೇಲಿನಿಂದ ಅವರು ಗಮನಿಸಿದ್ದು ಒಂದೇ, "ಇಷ್ಟು ಜಾಗದಲ್ಲಿ ಒಂದೂ ಕಾಳುಮೆಣಸು ಬಳ್ಳಿ ಇಲ್ಲ."

ಊಟ? ಮನೆಯಿಂದ ಕಟ್ಟಿಕೊಂಡು ಹೋಗಬಹುದಾ?

ಹೊರಗಿನ ತಿಂಡಿ ಒಳಗೆ ಬಿಡುವುದಿಲ್ಲ, ಕೈಗೂಸಿನ ಆಹಾರಕ್ಕೆ ಮಾತ್ರ ಅಡ್ಡಿಯಿಲ್ಲ. ಬ್ಯಾಗ್ ನೋಡುತ್ತಾರೆ. ಭಾವಂದಿರಿಗೆ ವಿಶೇಷ ಸೂಚನೆ, ಕುಡಿದವರನ್ನೂ ಬಿಡುವುದಿಲ್ಲ, ಬಾಟಲಿಯನ್ನೂ ಬಿಡುವುದಿಲ್ಲ. ಒಳಗೆ ಸಸ್ಯಾಹಾರ, ಮಾಂಸಾಹಾರ ಎರಡೂ ಸಿಗುತ್ತದೆ. ಪಂದಿ ಕರಿ ಕೇಳಬೇಡಿ. ಒಂದು ಗಂಟೆಗೆ ಎಲ್ಲರಿಗೂ ಹಸಿವಾಗುತ್ತದೆ, ನೀವು ಹನ್ನೆರಡಕ್ಕೇ ಉಂಡುಬಿಡಿ.

ಬೆಳಿಗ್ಗೆ ಬಿಡದಿಯಲ್ಲಿ ತಟ್ಟೆ ಇಡ್ಲಿ ತಿನ್ನದೆ ಹೋಗಬೇಡಿ. ಒಂದು ತಟ್ಟೆ ಅಗಲ ಇರುತ್ತದೆ, ಮೇಲೆ ಬೆಣ್ಣೆ. ಕಡಂಬುಟ್ಟು (ಅಕ್ಕಿ ಕಡುಬು) ತಿಂದು ಬೆಳೆದ ನನಗೂ ಎರಡರ ಮೇಲೆ ಆಗಲಿಲ್ಲ. ಬರುವಾಗ ದಾರಿಗೆ ಕಟ್ಟಿಕೊಂಡ ಅಕ್ಕಿ ತರಿಯ ತಿಂಡಿ ಪಾಪುಟ್ಟನ್ನು ಕಾರಿನಲ್ಲಿ ಬಿಟ್ಟು ಹೋಗಿದ್ದೆವು, ಸಂಜೆ ಎಲ್ಲರೂ ಅದಕ್ಕೇ ಮುಗಿಬಿದ್ದರು.

ವಾಪಸ್ ಬರುವಾಗ ಮೈಸೂರಿನಲ್ಲಿ ಏನು ನೋಡಬಹುದು?

ಭಾನುವಾರ ಅಥವಾ ಸರ್ಕಾರಿ ರಜಾ ದಿನವಾದರೆ ರಾತ್ರಿ ಅರಮನೆಯ ದೀಪ. ಮೃಗಾಲಯಕ್ಕೆ ಮಂಗಳವಾರ ರಜೆ. ಅದಕ್ಕಿಂತ ಜಾಸ್ತಿ ಸೇರಿಸಬೇಡಿ, ಮಕ್ಕಳ ಕಾಲು ಅಷ್ಟರಲ್ಲಿ ಸೋತಿರುತ್ತದೆ.

ಒದ್ದೆ ಬಟ್ಟೆ ಏನು ಮಾಡುವುದು?

ಸಣ್ಣ ಪ್ರಶ್ನೆ ಅನಿಸಬಹುದು. ಐದು ಜನರ ಒದ್ದೆ ಬಟ್ಟೆ ಮುಚ್ಚಿದ ಡಿಕ್ಕಿಯಲ್ಲಿ ಒಂದು ರಾತ್ರಿ ಇಟ್ಟು ನೋಡಿ, ಆಮೇಲೆ ಹೇಳಿ. ದಪ್ಪ ಪ್ಲಾಸ್ಟಿಕ್ ಚೀಲ ಎರಡು ತನ್ನಿ, ರೂಮಿಗೆ ಬಂದ ಕೂಡಲೇ ಸಿಹಿನೀರಿನಲ್ಲಿ ಜಾಲಾಡಿ ಹಿಂಡಿ. ನಾವು ಅದನ್ನೂ ಮಾಡದೆ ಮನೆಗೆ ತಂದು, ಕಣದಲ್ಲಿ ಚೆರಿಯ ಪಕ್ಕ ಖಾಲಿ ಇದ್ದ ಜಾಗದಲ್ಲಿ ಹರಡಿದೆವು. ಮರುದಿನ ಹಣ್ಣಿನ ಚೀಲ ಹೊತ್ತು ಬಂದವರು ಬಣ್ಣಬಣ್ಣದ ಲೈಕ್ರಾ ಚಡ್ಡಿಗಳ ಸಾಲು ನೋಡಿ ಚೀಲ ಇಳಿಸುವುದನ್ನೇ ಮರೆತು ನಿಂತರು. ಅತ್ತೆ ಕೈಯಾಡಿಸುವ ಹಲಗೆ ಹಿಡಿದು ಬಂದು, ತಮ್ಮದನ್ನು ಮಾತ್ರ ತೆಗೆದು ಒಳಗಿಟ್ಟರು.